ಪ್ರೊಸೆಸರ್‌ಗೆ ಗೊತ್ತಿಲ್ಲದ ಟೈಪ್ ಬಂದಾಗ ಬ್ಯಾಕೆಂಡ್ ಏನು ಮಾಡಬೇಕು?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ತಂಡ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬದಲಿಸಬಹುದಾದ ಚಿಪ್) ಮೇಲೆ ಒಂದು ಸಣ್ಣ 32 ಬಿಟ್ ಪ್ರೊಸೆಸರ್ ಮಾಡಿದೆ. ಅದರಲ್ಲಿ ಕ್ಯಾರಿ ಫ್ಲ್ಯಾಗ್ (ಕೂಡಿದಾಗ ಉಕ್ಕಿದ ದಶಕವನ್ನು ನೆನಪಿಡುವ ಬಿಟ್) ಇಲ್ಲ, ಭಾಗಾಕಾರ ಇಲ್ಲ, ಫ್ಲೋಟಿಂಗ್ ಪಾಯಿಂಟ್ ಇಲ್ಲ. ಅದಕ್ಕೆ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ವ್ಯವಸ್ಥೆಯ ಬ್ಯಾಕೆಂಡ್, ಅಂದರೆ ಪ್ರೊಸೆಸರ್‌ನ ಇನ್‌ಸ್ಟ್ರಕ್ಷನ್‌ಗಳನ್ನು ಹೊರಡಿಸುವ ಭಾಗ, ಬರೆಯುತ್ತಿದ್ದೇನೆ. ಇಂಟ್ ಸರಿಯಾಗಿ ಬರುತ್ತದೆ. ಆದರೆ 64 ಬಿಟ್‌ನ ಲಾಂಗ್ ಲಾಂಗ್ ಮೇಲೆ ಶಿಫ್ಟ್ ಮಾಡಿದರೆ ‘ಕ್ಯಾನಾಟ್ ಸೆಲೆಕ್ಟ್’ (ತಕ್ಕ ಇನ್‌ಸ್ಟ್ರಕ್ಷನ್ ಸಿಗಲಿಲ್ಲ) ಎಂದು ಕಂಪೈಲರ್ ನಿಂತುಬಿಡುತ್ತದೆ. ಎರಡು ರಿಜಿಸ್ಟರ್ ಜೋಡಿಸಿ ಐ64 (64 ಬಿಟ್ ಪೂರ್ಣಾಂಕ) ಕೂಡ ಲೀಗಲ್, ಅಂದರೆ ಯಂತ್ರಕ್ಕೆ ನೇರವಾಗಿ ಬರುವ ಟೈಪ್, ಎಂದು ಘೋಷಿಸಿ ನೋಡಿದೆ. ಒಂದು ಎರರ್ ಹೋಗಿ ಹತ್ತು ಬಂದವು. ಎಲ್ಲಕ್ಕೂ ನಾನೇ ಕೋಡ್ ಬರೆಯಬೇಕಾ?

ಉತ್ತರ: ಬೇಡ. ಮೊದಲು ಆ ಜೋಡಿ ರಿಜಿಸ್ಟರ್ ಘೋಷಣೆಯನ್ನು ತೆಗೆದುಹಾಕಿ. ನಿಮ್ಮ ಹತ್ತು ಎರರ್ ಬಂದಿದ್ದು ಅದರಿಂದಲೇ.

ಬ್ಯಾಕೆಂಡ್‌ನಲ್ಲಿ ಆಡ್‌ರಿಜಿಸ್ಟರ್‌ಕ್ಲಾಸ್ ಎಂದು ಕರೆಯುವ ಪ್ರತಿ ಸಾಲೂ ಒಂದು ಮಾತು ಕೊಟ್ಟ ಹಾಗೆ. ‘ಈ ಟೈಪ್ ನನ್ನ ರಿಜಿಸ್ಟರ್‌ನಲ್ಲಿ ಕೂರುತ್ತದೆ, ಇದರ ಲೆಕ್ಕ ನಾನು ನೋಡಿಕೊಳ್ಳುತ್ತೇನೆ’ ಎಂದು ಅದರ ಅರ್ಥ. ಐ64 ಲೀಗಲ್ ಎಂದ ತಕ್ಷಣ ಯಂತ್ರಕ್ಕೆ ಬಾರದ ಟೈಪ್‌ಗಳನ್ನು ಬರುವ ಟೈಪ್‌ಗಳಾಗಿ ಬದಲಿಸುವ ಟೈಪ್ ಲೀಗಲೈಸರ್ ಅದನ್ನು ಮುಟ್ಟುವುದೇ ಇಲ್ಲ. ಕೂಡುವುದು, ಕಳೆಯುವುದು, ಹೋಲಿಸುವುದು, ಲೋಡು, ಸ್ಟೋರು ಎಲ್ಲವೂ ನಿಮ್ಮ ತಲೆಯ ಮೇಲೆ ಬರುತ್ತವೆ. ಐ32 ಒಂದನ್ನೇ ಘೋಷಿಸಿ. ಆಮೇಲೆ ಕಂಪ್ಯೂಟ್‌ರಿಜಿಸ್ಟರ್‌ಪ್ರಾಪರ್ಟೀಸ್ ಕರೆಯಿರಿ. ಉಳಿದ ಟೈಪ್‌ಗಳಿಗೆ ಏನು ಮಾಡಬೇಕೆಂದು ಎಲ್‌ಎಲ್‌ವಿಎಂ ತಾನೇ ಪಟ್ಟಿ ಮಾಡಿಕೊಳ್ಳುತ್ತದೆ. ಐ8, ಐ16 ಬಂದರೆ ಹಿಗ್ಗಿಸಿ ಐ32 ಮಾಡುತ್ತದೆ. ಐ64 ಬಂದರೆ ಎರಡು ಐ32 ಆಗಿ ಒಡೆಯುತ್ತದೆ. ಫ್ಲೋಟ್ ಬಂದರೆ ಅದೇ 32 ಬಿಟ್‌ಗಳನ್ನು ಪೂರ್ಣಾಂಕದ ರಿಜಿಸ್ಟರ್‌ನಲ್ಲಿಟ್ಟು, ಲೆಕ್ಕವನ್ನು ಲೈಬ್ರರಿ ಫಂಕ್ಷನ್‌ಗೆ ಒಪ್ಪಿಸುತ್ತದೆ. ಡಬಲ್ ಬಂದರೆ ಮೊದಲು ಐ64 ಆಗುತ್ತದೆ, ಆಮೇಲೆ ಎರಡು ಐ32 ಆಗುತ್ತದೆ.

ಕ್ಯಾರಿ ಫ್ಲ್ಯಾಗ್ ಇಲ್ಲವಲ್ಲ ಎಂಬ ಚಿಂತೆ ಬೇಡ. ಶಾಲೆಯಲ್ಲಿ ದಶಕ ಇಟ್ಟುಕೊಂಡು ಕೂಡಿದ್ದು ನೆನಪಿದೆ ಅಲ್ವಾ? 7 ಮತ್ತು 8 ಕೂಡಿದರೆ 5 ಬರೆದು ದಶಕ ಒಂದು. ದಶಕ ಬಂತು ಎಂದು ಹೇಗೆ ಗೊತ್ತಾಗುತ್ತದೆ? ಬರೆದ 5, ಕೂಡಿದ 7ಕ್ಕಿಂತ ಚಿಕ್ಕದು. ಅಷ್ಟೇ ಗುರುತು ಸಾಕು. ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸದಲ್ಲೂ ಕ್ಯಾರಿ ಫ್ಲ್ಯಾಗ್ ಇಲ್ಲ. ಅದರ 32 ಬಿಟ್ ಯಂತ್ರದಲ್ಲಿ 64 ಬಿಟ್ ಕೂಡಲು ನಾಲ್ಕು ಇನ್‌ಸ್ಟ್ರಕ್ಷನ್ ಸಾಕು. ಕೆಳಗಿನ ಅರ್ಧಗಳನ್ನು ಕೂಡಿ, ಬಂದ ಉತ್ತರ ಒಂದು ಮೂಲ ಸಂಖ್ಯೆಗಿಂತ ಚಿಕ್ಕದೇ ಎಂದು ಎಸ್‌ಎಲ್‌ಟಿಯು ಎಂಬ ಹೋಲಿಕೆಯ ಇನ್‌ಸ್ಟ್ರಕ್ಷನ್‌ನಿಂದ ನೋಡಿ, ಮೇಲಿನ ಅರ್ಧಗಳನ್ನು ಕೂಡಿ, ಕೊನೆಗೆ ಆ ದಶಕವನ್ನು ಸೇರಿಸುತ್ತದೆ. ನೀವು ಏನೂ ಬರೆಯದೆ ಇದ್ದರೂ ಲೀಗಲೈಸರ್ ಹೋಲಿಕೆಯ ಇದೇ ದಾರಿ ಹಿಡಿಯುತ್ತದೆ.

ಹಾಗಿದ್ದರೆ ಮೊದಲ ಎರರ್ ಯಾಕೆ ಬಂತು? ಅಲ್ಲಿ ಟೈಪ್ ಸಮಸ್ಯೆ ಆಗಲೇ ಮುಗಿದಿತ್ತು. ಎರರ್ ಸಾಲನ್ನು ಮತ್ತೊಮ್ಮೆ ಓದಿ, ಬಹುಶಃ ‘ಎಸ್‌ಎಚ್‌ಎಲ್ ಪಾರ್ಟ್ಸ್’ ಎಂಬ ನೋಡ್ (ಕಂಪೈಲರ್ ಒಳಗೆ ಒಂದು ಕೆಲಸವನ್ನು ಸೂಚಿಸುವ ಘಟಕ) ಕಾಣುತ್ತದೆ. 64 ಬಿಟ್ ಶಿಫ್ಟನ್ನು ಒಡೆದಾಗ ಹುಟ್ಟುವ ನೋಡ್ ಅದು, ಅದರ ಟೈಪ್ ಐ32. ಇಲ್ಲೇ ಹೊಸಬರು ಜಾಸ್ತಿ ಎಡವುತ್ತಾರೆ. ಬೇರೆ ಹೇಳದಿದ್ದರೆ, ಲೀಗಲ್ ಟೈಪ್ ಮೇಲಿನ ಹೆಚ್ಚಿನ ಕೆಲಸಗಳೂ ನಿಮ್ಮ ಯಂತ್ರಕ್ಕೆ ಬರುತ್ತವೆ ಎಂದೇ ಎಲ್‌ಎಲ್‌ವಿಎಂ ನಂಬುತ್ತದೆ. ಬರುವುದಿಲ್ಲ ಎಂದು ನೀವೇ ಹೇಳಬೇಕು. ಸೆಟ್‌ಆಪರೇಷನ್‌ಆಕ್ಷನ್ ಬಳಸಿ ಎಡಕ್ಕೊಂದು, ಬಲಕ್ಕೆರಡು ಹೀಗೆ ಮೂರು ‘ಪಾರ್ಟ್ಸ್’ ಶಿಫ್ಟ್‌ಗಳನ್ನೂ ಐ32ಗೆ ‘ಎಕ್ಸ್‌ಪ್ಯಾಂಡ್’ ಎಂದು ಗುರುತಿಸಿ. ಆಗ ಎಲ್‌ಎಲ್‌ವಿಎಂ ಆ ನೋಡ್ ಹುಟ್ಟಿಸದೆ, ಸಾಮಾನ್ಯವಾಗಿ ಆ ಶಿಫ್ಟನ್ನು ಒಂದು ಲೈಬ್ರರಿ ಫಂಕ್ಷನ್‌ಗೆ ಒಪ್ಪಿಸುತ್ತದೆ.

ಭಾಗಾಕಾರಕ್ಕೂ ಇದೇ ಮಾತು. ಭಾಗಲಬ್ಧ, ಶೇಷ ಎರಡನ್ನೂ ಎಕ್ಸ್‌ಪ್ಯಾಂಡ್ ಮಾಡಿ ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ. ಎರಡನ್ನೂ ಒಟ್ಟಿಗೆ ಕೊಡುವ ‘ಡಿವ್‌ರೆಮ್’ ನೋಡ್ ಬಿಟ್ಟುಹೋಗಿರುತ್ತದೆ. ಲೀಗಲೈಸರ್ ಅದನ್ನೇ ಹಿಡಿದುಕೊಳ್ಳುತ್ತದೆ, ಮತ್ತೆ ಕ್ಯಾನಾಟ್ ಸೆಲೆಕ್ಟ್. ಅದನ್ನೂ, ಅದರ ಅನ್‌ಸೈನ್ಡ್ ಜೊತೆಗಾರನನ್ನೂ ಸೇರಿಸಿ. ಆಗ 32 ಬಿಟ್‌ಗೆ ಡಿವ್‌ಎಸ್‌ಐ3, 64 ಬಿಟ್‌ಗೆ ಡಿವ್‌ಡಿಐ3 ಎಂಬ ಫಂಕ್ಷನ್‌ಗಳಿಗೆ ಕರೆ ಹೋಗುತ್ತದೆ. ಇವು ಕಂಪೈಲರ್-ಆರ್‌ಟಿ ಅಥವಾ ಲಿಬ್‌ಜಿಸಿಸಿ ಎಂಬ ಸಹಾಯಕ ಲೈಬ್ರರಿಯಲ್ಲಿ ಸಿಗುತ್ತವೆ. ಅದನ್ನು ನಿಮ್ಮ ಪ್ರೊಸೆಸರ್‌ಗೆ ಕಂಪೈಲ್ ಮಾಡಿ ಲಿಂಕ್ ಮಾಡಬೇಕು. ನೀವೇ ಬರೆಯುವುದಾದರೆ ಒಂದು ಎಚ್ಚರಿಕೆ: ಡಿವ್‌ಎಸ್‌ಐ3 ಒಳಗೆ ಭಾಗಾಕಾರದ ಚಿಹ್ನೆ ಬಳಸಬೇಡಿ. ಕಂಪೈಲರ್ ಅದನ್ನು ಮತ್ತೆ ಡಿವ್‌ಎಸ್‌ಐ3 ಕರೆಯಾಗಿ ಮಾಡುತ್ತದೆ, ಸ್ಟ್ಯಾಕ್ ತುಂಬುವವರೆಗೂ ಸುತ್ತುತ್ತದೆ. ಶಿಫ್ಟು, ಕಳೆಯುವುದು ಇವೆರಡರಲ್ಲೇ ಬರೆಯಿರಿ.

ನೀವು ಕೇಳದಿದ್ದರೂ ಚಾರ್ ಬಗ್ಗೆ ಹೇಳಲೇಬೇಕು. ದೊಡ್ಡ ಟೈಪ್ ತಪ್ಪಿದರೆ ಕಂಪೈಲರ್ ಕೂಗಿ ಹೇಳುತ್ತದೆ. ಚಿಕ್ಕ ಟೈಪ್ ತಪ್ಪಿದರೆ ಸುಮ್ನೆ ತಪ್ಪು ಉತ್ತರ ಬರುತ್ತದೆ. ಐ8 ಅನ್ನು ಐ32ಗೆ ಹಿಗ್ಗಿಸಿದಾಗ ಮೇಲಿನ 24 ಬಿಟ್‌ಗಳಲ್ಲಿ ಏನಿದೆ ಎಂಬ ಭರವಸೆ ಇಲ್ಲ. 200 ಮತ್ತು 100 ಕೂಡಿ. 8 ಬಿಟ್‌ನಲ್ಲಿ ಉತ್ತರ 44, ಆದರೆ ರಿಜಿಸ್ಟರ್‌ನಲ್ಲಿ ಕೂತಿರುವುದು 300. ಮುಂದೆಯೂ ಕೂಡುತ್ತಲೇ ಹೋದರೆ ತೊಂದರೆಯಿಲ್ಲ, ಕೆಳಗಿನ 8 ಬಿಟ್ ಸರಿಯಾಗೇ ಇರುತ್ತವೆ. ಬಲಕ್ಕೆ ಒಂದು ಶಿಫ್ಟ್ ಮಾಡಿದರೆ 22 ಬರಬೇಕಾದಲ್ಲಿ 150 ಬರುತ್ತದೆ. ಬಲ ಶಿಫ್ಟು, ಭಾಗಾಕಾರ, ಹೋಲಿಕೆ ಈ ಮೂರಕ್ಕೂ ಮೊದಲು ಮೇಲಿನ ಬಿಟ್‌ಗಳನ್ನು ಶುಚಿ ಮಾಡಬೇಕು. ಅನ್‌ಸೈನ್ಡ್ ಆದರೆ 255 ಜೊತೆ ಆಂಡ್. ಸೈನ್ಡ್ ಆದರೆ 24 ಎಡಕ್ಕೆ ತಳ್ಳಿ, ಚಿಹ್ನೆ ಉಳಿಸಿಕೊಂಡು 24 ಬಲಕ್ಕೆ. ಲೀಗಲೈಸರ್ ಇದನ್ನೂ ಮಾಡುತ್ತದೆ. ‘ಸೈನ್ ಎಕ್ಸ್‌ಟೆಂಡ್ ಇನ್‌ರೆಗ್’ ನೋಡನ್ನು ಐ1, ಐ8, ಐ16ಗೆ ಎಕ್ಸ್‌ಪ್ಯಾಂಡ್ ಎಂದು ಗುರುತಿಸಿದರೆ ಸಾಕು. ತೊಂದರೆ ಆಗುವುದು ನಾವು ಕೈಯಾರೆ ಬರೆದ ಕಸ್ಟಮ್ ಕೋಡಿನಲ್ಲಿ. ನಾನೊಮ್ಮೆ ಫಂಕ್ಷನ್ ಕರೆಯ ಕೋಡಿನಲ್ಲಿ ಮೇಲಿನ ಬಿಟ್‌ಗಳು ಸೊನ್ನೆ ಎಂದೇ ನಂಬಿ ಬರೆದಿದ್ದೆ. ಟೆಸ್ಟ್‌ಗಳಲ್ಲಿ ಎಲ್ಲ ಸಂಖ್ಯೆಗಳೂ ಚಿಕ್ಕವು, ಎಲ್ಲವೂ ಪಾಸ್. ತಪ್ಪು ಹುಡುಕಲು ಒಂದು ವಾರ ಹೋಯಿತು. ಆರ್ಗ್ಯುಮೆಂಟನ್ನು ಹಿಗ್ಗಿಸುವವರು ಯಾರು, ಕರೆಯುವವರೇ ಕರೆಸಿಕೊಳ್ಳುವವರೇ ಎಂದು ನಿಮ್ಮ ಎಬಿಐನಲ್ಲಿ (ಫಂಕ್ಷನ್ ಕರೆಯ ನಿಯಮಗಳ ಪಟ್ಟಿ) ಇವತ್ತೇ ಬರೆದಿಡಿ.

ಲೀಗಲ್ ಅಲ್ಲದ ಟೈಪ್ ಎಂದರೆ ಕೋಡ್ ನಿಧಾನ ಎಂದೂ ಅಲ್ಲ. 64 ಬಿಟ್ ರಿಸ್ಕ್-ಫೈವ್‌ನಲ್ಲಿ 32 ಬಿಟ್ ಕೂಡಲು ಎಡಿಡಿಡಬ್ಲ್ಯೂ ಎಂಬ ಪ್ರತ್ಯೇಕ ಇನ್‌ಸ್ಟ್ರಕ್ಷನ್ ಇದೆ. ಆದರೂ ಸೆಲೆಕ್ಷನ್‌ಡ್ಯಾಗ್ (ಇನ್‌ಸ್ಟ್ರಕ್ಷನ್ ಆರಿಸುವ ಎಲ್‌ಎಲ್‌ವಿಎಂ ವಿಧಾನ) ದಾರಿಯಲ್ಲಿ ಅದರ ಬ್ಯಾಕೆಂಡ್ ಐ32 ಅನ್ನು ಲೀಗಲ್ ಎಂದು ಘೋಷಿಸದೆಯೇ ಬೆಳೆದುಬಂತು. ರೀಪ್ಲೇಸ್‌ನೋಡ್‌ರಿಸಲ್ಟ್ಸ್ ಎಂಬ ಹುಕ್‌ನಲ್ಲಿ (ಬ್ಯಾಕೆಂಡ್ ತುಂಬಿಕೊಡುವ ಫಂಕ್ಷನ್) ಅಂಥ ಇನ್‌ಸ್ಟ್ರಕ್ಷನ್‌ಗಳನ್ನು ತರುತ್ತದೆ. ಟೈಪೇ ಲೀಗಲ್ ಅಲ್ಲದಾಗ ಈ ಹುಕ್. ಟೈಪ್ ಸರಿಯಿದ್ದು ಕೆಲಸ ಮಾತ್ರ ಬಾರದಿದ್ದಾಗ ಲೋವರ್‌ಆಪರೇಷನ್.

ಇನ್ನೊಬ್ಬರ ಪ್ರಶ್ನೆ: ನಮ್ಮ ಚಿಪ್‌ನಲ್ಲಿ 32 ಬಿಟ್ ಫ್ಲೋಟ್ ಇದೆ, 16 ಬಿಟ್ ಹಾಫ್ ಇಲ್ಲ. ಇಡೀ ಲೆಕ್ಕವನ್ನು ಫ್ಲೋಟ್‌ನಲ್ಲಿ ಮಾಡಿ ಕೊನೆಗೊಮ್ಮೆ ಹಾಫ್ ಮಾಡಿದರೆ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಪ್ರತಿ ಹೆಜ್ಜೆಗೂ ಹಾಫ್‌ಗೆ ರೌಂಡ್ ಮಾಡಬೇಕು. ಇಲ್ಲದಿದ್ದರೆ ಹಾಫ್ ಇರುವ ಚಿಪ್‌ನಲ್ಲಿ ಬರುವ ಉತ್ತರವೇ ಬೇರೆ, ನಿಮ್ಮದೇ ಬೇರೆ.

ಹಾಗೆ ಮಾಡಿದರೆ ಎರಡು ಬಾರಿ ರೌಂಡ್ ಆಗುತ್ತದಲ್ಲ ಎಂದು ಕೇಳಬಹುದು. ಹಾಫ್‌ಗೆ 11 ಬಿಟ್ ನಿಖರತೆ, ಫ್ಲೋಟ್‌ಗೆ 24. ದೊಡ್ಡದರಲ್ಲಿ ಚಿಕ್ಕದರ ಎರಡರಷ್ಟು, ಮೇಲೆ ಇನ್ನೆರಡು ಬಿಟ್ ಇದ್ದರೆ ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲ ಐದರಲ್ಲೂ ಎರಡನೇ ರೌಂಡಿನಿಂದ ತಪ್ಪಾಗುವುದಿಲ್ಲ. 11ರ ಎರಡರಷ್ಟು 22, ಎರಡು ಸೇರಿದರೆ 24. ಸರಿಯಾಗಿ ಅಷ್ಟೇ ಇದೆ! ಗುಣಿಸಿ, ಕೂಡಿ, ಕೊನೆಗೊಮ್ಮೆ ರೌಂಡ್ ಮಾಡುವ ಎಫ್‌ಎಂಎಗೆ ಮಾತ್ರ ಈ ಭರವಸೆ ಇಲ್ಲ.

ಡಬಲ್‌ನಿಂದ ಹಾಫ್‌ಗೆ ಬರುವಾಗಲೂ ಫ್ಲೋಟ್ ಮೂಲಕ ಬರಬೇಡಿ. 1ಕ್ಕೆ 2ರ ಘಾತ ಮೈನಸ್ 11, ಮತ್ತೆ 2ರ ಘಾತ ಮೈನಸ್ 40 ಸೇರಿಸಿ. ಅದು ಎರಡು ಹಾಫ್ ಸಂಖ್ಯೆಗಳ ನಡುಬಿಂದುವಿಗಿಂತ ಚೂರು ಮೇಲಿದೆ, ಮೇಲಕ್ಕೆ ಹೋಗಬೇಕು. ಫ್ಲೋಟ್ ಮಾಡಿದರೆ ಆ ಚೂರು ಉದುರಿಹೋಗಿ ಸರಿಯಾಗಿ ನಡುವೆ ನಿಲ್ಲುತ್ತದೆ, ಆಮೇಲೆ 1ಕ್ಕೆ ಇಳಿಯುತ್ತದೆ. ಇದಕ್ಕೆಂದೇ ಟ್ರಂಕ್‌ಡಿಎಫ್‌ಎಚ್‌ಎಫ್2 ಎಂಬ ಲೈಬ್ರರಿ ಫಂಕ್ಷನ್ ಇದೆ, ಅದನ್ನೇ ಕರೆಯಿರಿ.