ಹಣ್ಣಾದ ಅಡಿಕೆ ಸೋಗೆಯಲ್ಲಿ ಎಬಿಎ ಹತ್ತು ಪಟ್ಟು: ಎಲೈಸಾ ಕೊಟ್ಟ ಅಂಕಿಯನ್ನು ನಂಬಬಹುದೇ?

ತೀರ್ಥಹಳ್ಳಿ ಕಡೆಯ ತೋಟದಿಂದ ಅಡಿಕೆ ಸೋಗೆ ತಂದು, ಎಳೆಯದರಿಂದ ಹಣ್ಣಾದದ್ದರವರೆಗೆ ಅಬ್ಸಿಸಿಕ್ ಆಮ್ಲ (ಎಬಿಎ), ಝಿಯಾಟಿನ್ ರೈಬೋಸೈಡ್ ಎಂಬ ಎರಡು ಸಸ್ಯ ಹಾರ್ಮೋನುಗಳನ್ನು ಎಲೈಸಾ (ಪ್ರತಿಕಾಯ ಬಳಸಿ ಬಣ್ಣದಿಂದ ಅಳೆಯುವ ಪರೀಕ್ಷೆ) ಕಿಟ್‌ನಲ್ಲಿ ಅಳೆದಿದ್ದೀರಿ. ಹಣ್ಣೆಲೆಯಲ್ಲಿ ಎಬಿಎ ಹಸಿರೆಲೆಯ ಹತ್ತು ಪಟ್ಟು ಬಂದಿದೆ. ಪ್ರಬಂಧದಲ್ಲಿ ಹಾಕಬಹುದೇ ಎಂಬುದು ನಿಮ್ಮ ಪ್ರಶ್ನೆ.

ಈಗಲೇ ಹಾಕಬೇಡಿ. ಮುಪ್ಪಿನಲ್ಲಿ ಎಬಿಎ ಏರುವುದು ಸಹಜವೇ. ಹತ್ತು ಪಟ್ಟು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆದರೆ ಎಲೆ ಹಣ್ಣಾಗುವಾಗ ಹಾರ್ಮೋನು ಮಾತ್ರ ಬದಲಾಗುವುದಿಲ್ಲ. ಪರೀಕ್ಷೆಗೆ ಅಡ್ಡ ಬರುವ ಟ್ಯಾನಿನ್, ಉತ್ಕರ್ಷಣಗೊಂಡ ಫೀನಾಲ್, ಕೋಶ ಒಡೆದು ಹೊರಬಂದ ಕಿಣ್ವಗಳು ಇವೂ ಅದೇ ಹೊತ್ತಿಗೆ ಬದಲಾಗುತ್ತವೆ. ಅವುಗಳಿಂದಾಗುವ ತಪ್ಪು ಎಬಿಎ ಏರಿದಂತೆಯೇ ಕಾಣುತ್ತದೆ, ಅದೇ ತೊಂದರೆ.

ಕಾರಣ ಪರೀಕ್ಷೆಯ ರಚನೆಯಲ್ಲೇ ಇದೆ. ಎಬಿಎಯ ಅಣುತೂಕ ಸುಮಾರು 264. ಎರಡು ಪ್ರತಿಕಾಯಗಳು (ಗುರಿಯ ಅಣುವನ್ನು ಹಿಡಿಯುವ ಪ್ರೋಟೀನುಗಳು) ಒಟ್ಟಿಗೆ ಹಿಡಿಯಲು ಅದರ ಮೇಲೆ ಜಾಗವೇ ಇಲ್ಲ. ಹಾಗಾಗಿ ಇಲ್ಲಿ ನಡೆಯುವುದು ಪೈಪೋಟಿಯ ಎಲೈಸಾ: ಪ್ಲೇಟಿನ ಪ್ರತಿ ಬಾವಿಯಲ್ಲಿ (ಪುಟ್ಟ ಗುಳಿ) ಪ್ರತಿಕಾಯದ ಸೀಟುಗಳು ಇಷ್ಟೇ ಎಂದು ಗೊತ್ತು, ಆಗುಂಬೆ ಮಿನಿ ಬಸ್ಸಿನಂತೆ, ನಿಮ್ಮ ಎಲೆಯ ಎಬಿಎ ಹೆಚ್ಚು ಸೀಟು ಹಿಡಿದಷ್ಟೂ ಕಿಟ್ಟಿನ, ಬಣ್ಣ ತರುವ ಕಿಣ್ವ ಅಂಟಿಸಿದ ಎಬಿಎಗೆ ಸೀಟು ಕಡಿಮೆ, ಬಣ್ಣವೂ ಕಡಿಮೆ. ಅಂದರೆ ಬಣ್ಣ ಕುಗ್ಗಿಸುವುದೆಲ್ಲವನ್ನೂ ಬಣ್ಣ ಅಳೆಯುವ ರೀಡರ್ ಯಂತ್ರ ಹಾರ್ಮೋನು ಎಂದೇ ಓದುತ್ತದೆ. ಟ್ಯಾನಿನ್ ಪ್ರತಿಕಾಯಕ್ಕೆ ಅಂಟಿದರೂ, ಎಲೆಯಿಂದ ಸಾರ ತೆಗೆಯಲು ಬಳಸಿ ಉಳಿದ ಮೆಥನಾಲ್ ಕಿಣ್ವವನ್ನು ಕೆಡಿಸಿದರೂ ಎಬಿಎ "ಹೆಚ್ಚಾಯಿತು".

ನಿಮ್ಮ ಬಳಿ ಈಗಾಗಲೇ ಒಂದು ಸುಳಿವು ಇದೆ. ಅದೇ ಸಾರದಲ್ಲಿ ಝಿಯಾಟಿನ್ ರೈಬೋಸೈಡ್ ಏನಾಯಿತು? ಅದು ಸೈಟೋಕೈನಿನ್ ಗುಂಪಿನದು, ಮುಪ್ಪನ್ನು ತಡೆಯುವ ಹಾರ್ಮೋನು. ಕಿತ್ತ ಎಲೆಯನ್ನು ಕೈನೆಟಿನ್ ಎಂಬ ಸೈಟೋಕೈನಿನ್ ಹಸಿರಾಗಿ ಉಳಿಸುತ್ತದೆ ಎಂದು ರಿಚ್ಮಂಡ್ ಮತ್ತು ಲ್ಯಾಂಗ್ 1957ರಲ್ಲೇ ತೋರಿಸಿದ್ದರು. 1995ರಲ್ಲಿ ಗಾನ್ ಮತ್ತು ಅಮಾಸಿನೋ, ಮುಪ್ಪು ಶುರುವಾದಾಗ ಮಾತ್ರ ಸೈಟೋಕೈನಿನ್ ತಯಾರಾಗುವಂತೆ ಮಾಡಿದ ತಂಬಾಕಿನಲ್ಲಿ ಎಲೆ ಹಣ್ಣಾಗುವುದನ್ನೇ ತಡಮಾಡಿದರು. ಹಾಗಾಗಿ ಹಣ್ಣೆಲೆಯಲ್ಲಿ ಅದು ಇಳಿಯಬೇಕೆಂಬ ನಿರೀಕ್ಷೆ ನ್ಯಾಯವಾದದ್ದು. ಎರಡೂ ಪ್ಲೇಟುಗಳಲ್ಲಿ ಎರಡೂ ಹಾರ್ಮೋನು ಒಟ್ಟಿಗೆ ಏರಿದ್ದರೆ ಮೊದಲ ಅನುಮಾನ ಅಡ್ಡಿಯ ಮೇಲೆ ಬರಬೇಕು.

ಅನುಮಾನ ಬಗೆಹರಿಸಲು ಎರಡು ಪರೀಕ್ಷೆ ಸಾಕು, ಎರಡನ್ನೂ ಪ್ರತಿಯೊಂದು ವಯಸ್ಸಿನ ಎಲೆಗೂ ಬೇರೆ ಬೇರೆಯಾಗಿ ಮಾಡಬೇಕು. ಹಸಿರೆಲೆಗೆ ಮಾಡಿ ಹಣ್ಣೆಲೆಗೂ ಅದೇ ಅನ್ವಯಿಸುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಅಡ್ಡಿ ಇರುವುದು ಹಣ್ಣೆಲೆಯಲ್ಲಿ.

ಮೊದಲನೆಯದು ಸಮಾನಾಂತರತೆ. ಒಂದೇ ಸಾರವನ್ನು 1:10, 1:20, 1:40, 1:80 ಎಂದು ತೆಳು ಮಾಡಿ ಓದಿ, ತೆಳುವಿನ ಲೆಕ್ಕದಿಂದ ಗುಣಿಸಿ. ಅಡ್ಡಿ ಇಲ್ಲದಿದ್ದರೆ ನಾಲ್ಕೂ ಉತ್ತರ ಹೆಚ್ಚುಕಡಿಮೆ ಒಂದೇ ಬರಬೇಕು. 15ರಿಂದ 20 ಪ್ರತಿಶತದೊಳಗಿನ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ. ಉದಾಹರಣೆಗೆ ಗ್ರಾಂಗೆ 900, 640, 510, 500 ಪಿಕೋಮೋಲ್ ಎಂದು ಬಂದರೆ ಮೊದಲೆರಡು ಅಂಕಿ ಅಡ್ಡಿಯದು. ಹಣ್ಣೆಲೆಗೆ 1:40ರಿಂದಾಚೆ ಮಾತ್ರ ನಂಬಬಹುದು. 1:80ರಲ್ಲೂ ಇಳಿಯುತ್ತಲೇ ಇದ್ದರೆ ತೆಳು ಮಾಡಿ ಪಾರಾಗಲು ಆಗದು, ಶುದ್ಧೀಕರಣಕ್ಕೆ ಹಿಂದಿರುಗಬೇಕು.

ಎರಡನೆಯದು ಗೊತ್ತಿರುವಷ್ಟು ಎಬಿಎ ಸೇರಿಸಿ ವಾಪಸು ಎಷ್ಟು ಸಿಗುತ್ತದೆ ಎಂದು ನೋಡುವುದು. ತೆಳು ಮಾಡಿದ ಸಾರಕ್ಕೆ ಸೇರಿಸಿದರೆ ಬಾವಿಯೊಳಗಿನ ಅಡ್ಡಿ ತಿಳಿಯುತ್ತದೆ. ಅರೆದ ಪುಡಿಗೆ, ಮೆಥನಾಲ್ ಹಾಕುವಾಗಲೇ ಸೇರಿಸಿದರೆ ಇಡೀ ಪ್ರಕ್ರಿಯೆಯಲ್ಲಿ ಕಳೆದುಹೋದದ್ದು ತಿಳಿಯುತ್ತದೆ. ಎರಡೂ ಬೇಕು. ಎಲೆಯಲ್ಲಿ ಈಗಿರುವಷ್ಟೇ ಪ್ರಮಾಣ ಸೇರಿಸಿ. ವಾಪಸು 85ರಿಂದ 115 ಪ್ರತಿಶತದೊಳಗೆ ಬರಲಿ. ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಹಾಕಿದ ಎಬಿಎಯನ್ನು ಇದಕ್ಕೆ ಆಂತರಿಕ ಮಾನಕವೆಂದು (ಮಾದರಿಯೊಳಗೇ ಸೇರಿಸುವ ಅಳತೆಗೋಲು) ಬಳಸುವಂತಿಲ್ಲ. ಅದನ್ನು ಬೇರೆಯಾಗಿ ಗುರುತಿಸುವುದು ಅಣುವಿನ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರ್. ಪ್ರತಿಕಾಯಕ್ಕೆ ಅದೂ ಎಬಿಎಯೇ.

ಮಾನಕದ, ಅಂದರೆ ಹೋಲಿಕೆಗೆ ಬಳಸುವ ಶುದ್ಧ ಎಬಿಎಯ, ಬಾಟಲಿಯ ಲೇಬಲ್ಲನ್ನೂ ಓದಿ. ಪ್ಲಸ್-ಮೈನಸ್ ಚಿಹ್ನೆ ಇದ್ದರೆ ಅದು ಎರಡು ಕನ್ನಡಿ ರೂಪಗಳ ಮಿಶ್ರಣ, ಗಿಡದಲ್ಲಿರುವುದು ಪ್ಲಸ್ ರೂಪ ಮಾತ್ರ. ನಿಮ್ಮ ಪ್ರತಿಕಾಯ ಪ್ಲಸ್ ರೂಪವನ್ನಷ್ಟೇ ಹಿಡಿಯುವುದಾದರೆ ತೂಗಿದ ಮಾನಕದಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇದನ್ನು ಮರೆತರೆ ಎಲ್ಲ ಅಂಕಿಗಳೂ ಎರಡು ಪಟ್ಟಾಗುತ್ತವೆ.

ಇನ್ನು ಸಾರ ತೆಗೆಯುವುದು. ಅಡಿಕೆ ಗರಿಯಲ್ಲಿ ನಾರೂ ಹೆಚ್ಚು, ಫೀನಾಲೂ ಹೆಚ್ಚು. ಸೋಗೆಯ ನಡುಭಾಗದ ಗರಿಗಳನ್ನೇ ತೆಗೆದುಕೊಳ್ಳಿ, ನಡುನರ ಬಿಡಿ, ದ್ರವ ಸಾರಜನಕದಲ್ಲಿ ಹಿಟ್ಟಿನಷ್ಟು ನುಣ್ಣಗೆ ಅರೆಯಿರಿ. 0.5 ಗ್ರಾಂ ಪುಡಿಗೆ 5 ಮಿ.ಲೀ. ತಣ್ಣನೆಯ 80 ಪ್ರತಿಶತ ಮೆಥನಾಲ್. ಅದರಲ್ಲಿ ಲೀಟರಿಗೆ 100 ಮಿ.ಗ್ರಾಂ ಬಿಎಚ್‌ಟಿ (ಉತ್ಕರ್ಷಣ ತಡೆಯಲು), 0.5 ಗ್ರಾಂ ಸಿಟ್ರಿಕ್ ಆಮ್ಲ. ಫೀನಾಲ್ ಹಿಡಿಯಲು 50 ಮಿ.ಗ್ರಾಂ ಪಿವಿಪಿಪಿ ಸೇರಿಸಿ. ಕರಗದ ಪಿವಿಪಿಪಿಯೇ ಆಗಬೇಕು, ಕರಗುವ ಪಿವಿಪಿ ಅಲ್ಲ. 4 ಡಿಗ್ರಿಯಲ್ಲಿ, ಕತ್ತಲಲ್ಲಿ ರಾತ್ರಿಯಿಡೀ ಅಲ್ಲಾಡಿಸಿ. ಬೆಳಕಿನಲ್ಲಿ ಎಬಿಎ ಟ್ರಾನ್ಸ್ ರೂಪಕ್ಕೆ ತಿರುಗುತ್ತದೆ. 10,000 ಜಿಯಲ್ಲಿ 10 ನಿಮಿಷ ತಿರುಗಿಸಿ, ಗಸಿಯನ್ನು ಇನ್ನೊಮ್ಮೆ ತೊಳೆದು ಎರಡೂ ದ್ರವ ಕೂಡಿಸಿ. ಮೆಥನಾಲ್‌ನಲ್ಲಿ ನೆನೆಸಿಟ್ಟ ಸಿ-18 ಕಾರ್ಟ್ರಿಡ್ಜ್ ಮೂಲಕ ಹಾಯಿಸಿದರೆ ಕ್ಲೋರೋಫಿಲ್, ಕೊಬ್ಬು ಅಲ್ಲೇ ಉಳಿದು ಹಾರ್ಮೋನು ಹೊರಬರುತ್ತದೆ. ಆದರೆ ನೀರಿನಲ್ಲಿ ಕರಗುವ ಫೀನಾಲೂ ಜೊತೆಗೇ ಬರುತ್ತದೆ. ಸಾರ ಹಸಿರಿಲ್ಲ, ತಿಳಿಯಾಗಿದೆ ಎಂದಾಕ್ಷಣ ಶುದ್ಧವಾಯಿತೆಂದು ತಿಳಿಯಬೇಡಿ. ಎಬಿಎ ಮಾತ್ರ ಬೇಕಿದ್ದರೆ ಮೆಥನಾಲ್ ಆವಿ ಮಾಡಿ, ಉಳಿದ ನೀರನ್ನು ಪಿಎಚ್ 8ರಲ್ಲಿ ಈಥೈಲ್ ಅಸಿಟೇಟ್‌ನಿಂದ ತೊಳೆದು ಆ ಪದರ ಚೆಲ್ಲಿ, ಆಮೇಲೆ ಪಿಎಚ್ 3ಕ್ಕೆ ಇಳಿಸಿ ಮತ್ತೆ ಈಥೈಲ್ ಅಸಿಟೇಟ್‌ಗೆ ಎಳೆದುಕೊಳ್ಳಿ. ಒಣಗಿಸುವುದು 40 ಡಿಗ್ರಿಯೊಳಗೆ, ನಿರ್ವಾತದಲ್ಲಿ.

ಸೈಟೋಕೈನಿನ್‌ಗೆ ಬೇರೆ ತಲೆನೋವು. ಅರೆಯುವಾಗ ಫಾಸ್ಫಟೇಸ್ ಕಿಣ್ವಗಳು ಝಿಯಾಟಿನ್ ನ್ಯೂಕ್ಲಿಯೋಟೈಡನ್ನು ರೈಬೋಸೈಡ್ ಮಾಡಿಬಿಡುತ್ತವೆ. ಆಗ ನೀವು ಅಳೆಯುವುದು ಎಲೆಯಲ್ಲಿದ್ದ ರೈಬೋಸೈಡನ್ನಲ್ಲ, ಖರಲಿನಲ್ಲಿ ಹುಟ್ಟಿದ್ದನ್ನು. ಮೆಥನಾಲ್, ನೀರು, ಫಾರ್ಮಿಕ್ ಆಮ್ಲ 15:4:1 ಇರುವ, ಮೈನಸ್ 20 ಡಿಗ್ರಿಯ ದ್ರಾವಣ ಆ ಕಿಣ್ವಗಳನ್ನು ನಿಲ್ಲಿಸುತ್ತದೆ. ಸಾಧ್ಯವಿದ್ದರೆ ಸೈಟೋಕೈನಿನ್‌ಗೆ ಪ್ರತ್ಯೇಕ ಮಾದರಿ ಇಡಿ.

ಪ್ರತಿಕಾಯ ಯಾವುದನ್ನು ಹಿಡಿಯುತ್ತದೆ ಎಂದು ಕಿಟ್‌ನ ಕರಪತ್ರದಲ್ಲಿರುವ ಅಡ್ಡಪ್ರತಿಕ್ರಿಯೆ ಪಟ್ಟಿಯಲ್ಲಿ ನೋಡಿ. ಎಬಿಎಯ ಕಾರ್ಬಾಕ್ಸಿಲ್ ತುದಿಯನ್ನು ಪ್ರೋಟೀನಿಗೆ ಕಟ್ಟಿ ತಯಾರಿಸಿದ ಪ್ರತಿಕಾಯ, ಗ್ಲೂಕೋಸ್ ಎಸ್ಟರ್ ಆಗಿ ಕೋಶದ ರಸದಾನಿಯಲ್ಲಿ (ವ್ಯಾಕ್ಯೂಲ್) ಕೂತಿರುವ ಎಬಿಎಯನ್ನೂ ಎಣಿಸುತ್ತದೆ. ಉಂಗುರದ ಕೀಟೋನ್ ಕಡೆಯಿಂದ ಕಟ್ಟಿದ್ದು ಮುಕ್ತ ಎಬಿಎಯನ್ನೇ ಹೆಚ್ಚಾಗಿ ಹಿಡಿಯುತ್ತದೆ. ವಯಸ್ಸಾದ ಎಲೆಗೆ ಎರಡನೆಯದೇ ಬೇಕು. ಸೈಟೋಕೈನಿನ್ ಪ್ರತಿಕಾಯವನ್ನು ರೈಬೋಸ್ ಮೂಲಕ ಕಟ್ಟುವುದರಿಂದ ಅದು ಮುಕ್ತ ಝಿಯಾಟಿನ್, 9-ಗ್ಲೂಕೋಸೈಡ್ ಎಲ್ಲವನ್ನೂ ಅಷ್ಟಿಷ್ಟು ಹಿಡಿಯುತ್ತದೆ. ಹಾಗಾಗಿ "ಝಿಯಾಟಿನ್ ರೈಬೋಸೈಡ್ ಸಮಾನ" ಎಂದು ಬರೆಯುವುದು ಪ್ರಾಮಾಣಿಕ. ಎಥಿಲೀನ್ ಅನಿಲ, ಅದನ್ನು ಈ ದಾರಿಯಲ್ಲಿ ಅಳೆಯಲಾಗದು, ಗ್ಯಾಸ್ ಕ್ರೊಮೆಟೋಗ್ರಫಿ ಬೇಕು.

ತೋಟದಲ್ಲಿ ಆಗುವ ತಪ್ಪನ್ನು ಯಾವ ಕಿಟ್ಟೂ ಸರಿಮಾಡದು. ಕಿತ್ತ ಗರಿ ಬಾಡಲು ಶುರುವಾದರೆ ಎಬಿಎ ಏರಲು ಹೆಚ್ಚು ಹೊತ್ತು ಬೇಡ. ಚೀಲದಲ್ಲಿಟ್ಟು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ತಂದ ಎಲೆ ತೋಟದ ಎಲೆಯಲ್ಲ. ಮರದಡಿಯಲ್ಲೇ ದ್ರವ ಸಾರಜನಕಕ್ಕೆ ಹಾಕಿ. ಜಾನುವಾರು ಕೃತಕ ಗರ್ಭಧಾರಣೆಗೆ ವೀರ್ಯ ಕಡ್ಡಿ ಇಡುವ ಕಡೆ ಅದು ಇರುತ್ತದೆ, ವಿಚಾರಿಸಿ. ಕ್ಯಾನಿನ ಮುಚ್ಚಳ ಬಿಗಿಯಬೇಡಿ, ಗಾಜು ಏರಿಸಿದ ಕಾರಿನಲ್ಲಿ ಒಯ್ಯಬೇಡಿ. ಮಳೆಗಾಲದ ತೇವದ ಗಾಳಿಯಲ್ಲಿ ಎಲೆ ಎಬಿಎಯನ್ನು ಒಡೆದು ಇಳಿಸುತ್ತದೆ. ಆದ್ದರಿಂದ ಎಳೆ ಎಲೆಯನ್ನು ಜಡಿಮಳೆಯ ದಿನ, ಹಣ್ಣೆಲೆಯನ್ನು ಹೊಳವಾದ ದಿನ ತೆಗೆದರೆ ನೀವು ಅಳೆದದ್ದು ಹವೆಯನ್ನು. ಎಲ್ಲ ವಯಸ್ಸಿನ ಎಲೆಯನ್ನೂ ಒಂದೇ ದಿನ, ಒಂದೇ ಮರದಿಂದ, ಬೆಳಿಗ್ಗೆ ಒಂಬತ್ತು-ಹತ್ತರೊಳಗೆ ತೆಗೆಯಿರಿ. ಮೇಲಿನ ನೀರನ್ನು ಒರೆಸಿ, ಇಲ್ಲವಾದರೆ ಅದೂ ಹಸಿತೂಕಕ್ಕೆ ಸೇರುತ್ತದೆ.

ಮಲೆನಾಡಿನಲ್ಲಿ ಇನ್ನೂ ಒಂದು ಎಚ್ಚರ ಬೇಕು. ಹಳದಿಯಾದದ್ದೆಲ್ಲ ಹಣ್ಣೆಲೆಯಲ್ಲ. ಹಳದಿ ಎಲೆ ರೋಗ, ಎಲೆಚುಕ್ಕೆ ರೋಗ ಎರಡೂ ಇರುವ ತೋಟಗಳಿವು, ಮತ್ತು ಕೆಲವು ರೋಗಕಾರಕ ಶಿಲೀಂಧ್ರಗಳು ತಾವೇ ಎಬಿಎ ತಯಾರಿಸುತ್ತವೆ. ಬಣ್ಣದಿಂದ ವಯಸ್ಸು ಹೇಳಬೇಡಿ. ಸುಳಿಯಿಂದ ಎಷ್ಟನೆಯ ಸೋಗೆ ಎಂದು ಎಣಿಸಿ, ಜೊತೆಗೆ ಎಲೆಯ ಹಸಿರನ್ನು ಅಳೆಯುವ ಸ್ಪಾಡ್ ಮೀಟರ್ ಅಂಕಿ ಬರೆದುಕೊಳ್ಳಿ. ಚುಕ್ಕೆ ಇರುವ ಗರಿಯನ್ನು ಬಿಟ್ಟುಬಿಡಿ.

ಛೇದವೂ, ಅಂದರೆ ಯಾವುದರಿಂದ ಭಾಗಿಸುತ್ತೀರಿ ಎಂಬುದೂ, ಮೋಸ ಮಾಡುತ್ತದೆ. ಹಣ್ಣಾಗುವ ಎಲೆ ನೀರು ಕಳೆದುಕೊಳ್ಳುತ್ತದೆ, ಸಾರಜನಕವನ್ನೂ ಸಕ್ಕರೆಯನ್ನೂ ಮರಕ್ಕೆ ವಾಪಸು ಕೊಡುತ್ತದೆ; ಎಬಿಎ ಇದ್ದಷ್ಟೇ ಇದ್ದರೂ ಗ್ರಾಂ ಲೆಕ್ಕದಲ್ಲಿ ಏರುತ್ತದೆ. ಬಲಿತ ಮೇಲೆ ವಿಸ್ತೀರ್ಣ ಅಷ್ಟಾಗಿ ಬದಲಾಗದು. ಗೊತ್ತಿರುವ ಅಳತೆಯ ತುಂಡು ಕತ್ತರಿಸಿ, ಪ್ರತಿ ಚದರ ಸೆಂ.ಮೀ.ಗೆ ಎಷ್ಟು ಎಂದೂ ಕೊಡಿ. ಒಣತೂಕ ಬಳಸುವುದಾದರೆ, ಶೀತಶುಷ್ಕ ಪುಡಿ ಜೂನ್-ಜುಲೈನ ಗಾಳಿಯಲ್ಲಿ ತಕ್ಕಡಿಯ ಮೇಲೆಯೇ ತೇವ ಹೀರುತ್ತದೆ, ಸಿಲಿಕಾ ಜೆಲ್ ಡಬ್ಬದಿಂದ ತೆಗೆದ ತಕ್ಷಣ ತೂಗಿ.

ಪ್ಲೇಟಿನ ಕೆಲಸದಲ್ಲಿ ಮುಖ್ಯವಾದದ್ದು ಬಫರ್. ಬಣ್ಣಕ್ಕೆ ಕ್ಷಾರೀಯ ಫಾಸ್ಫಟೇಸ್ ಕಿಣ್ವ ಬಳಸುವ ಕಿಟ್‌ಗೆ ಫಾಸ್ಫೇಟ್ ಬಫರ್ ಹಾಕಿದರೆ ಕಿಣ್ವ ಕುಂದುತ್ತದೆ, ಟ್ರಿಸ್ ಬಳಸಿ. ಪೆರಾಕ್ಸಿಡೇಸ್ ಕಿಟ್‌ಗೆ ಅಜೈಡ್ ಇರುವ ಬಫರ್ ಕೂಡದು. ಎರಡರಲ್ಲೂ ಬಣ್ಣ ಕುಗ್ಗಿ ಎಬಿಎ ಏರಿದಂತೆ ಕಾಣುತ್ತದೆ. ಬಾವಿಯಲ್ಲಿ ಮೆಥನಾಲ್ 5 ಪ್ರತಿಶತ ಮೀರದಿರಲಿ, ಮಾನಕಗಳಲ್ಲೂ ಅಷ್ಟೇ ಇರಲಿ. ಫ್ರಿಜ್‌ನಿಂದ ತೆಗೆದ ಪ್ಲೇಟಿನ ತಳಕ್ಕೆ ಮಂಜು ಕಟ್ಟಿದ್ದರೆ ಒರೆಸಿ ಓದಿ.

ಲೆಕ್ಕ ಹೀಗೆ. ಹಾರ್ಮೋನು ಹಾಕದ ಬಾವಿಯ ಬಣ್ಣ 100 ಎಂದಿಟ್ಟು, 20ರಿಂದ 80ರ ನಡುವೆ ಬಿದ್ದ ಓದನ್ನು ಮಾತ್ರ ತೆಗೆದುಕೊಳ್ಳಿ. 100 ಮೈಕ್ರೋಲೀಟರಿನ ಬಾವಿಯಲ್ಲಿ 0.5 ಪಿಕೋಮೋಲ್ ಬಂದರೆ ಮಿ.ಲೀ.ಗೆ 5, ತೆಳು 1:10 ಆಗಿದ್ದರೆ 50, ಸಾರ ಒಟ್ಟು 5 ಮಿ.ಲೀ. ಇದ್ದರೆ 250, ಎಲೆ 0.5 ಗ್ರಾಂ ಆದ್ದರಿಂದ ಗ್ರಾಂಗೆ 500 ಪಿಕೋಮೋಲ್, ಅಂದರೆ ಸುಮಾರು 132 ನ್ಯಾನೋಗ್ರಾಂ. ವಾಪಸಾತಿಯಿಂದ ತಿದ್ದುವುದಾದರೆ ಆಯಾ ವಯಸ್ಸಿನ ಎಲೆಯ ವಾಪಸಾತಿಯಿಂದಲೇ ತಿದ್ದಿ.

ಸಮಾನಾಂತರತೆಯ ರೇಖೆ ಮತ್ತು ವಾಪಸಾತಿಯ ಕೋಷ್ಟಕವನ್ನು ಪ್ರಬಂಧದಲ್ಲೇ ಅಚ್ಚು ಹಾಕಿ. ಎಳೆಯ, ಬಲಿತ, ಹಣ್ಣಾದ ಎಲೆಗಳ ಮೂರು ಮೂರು ಸಾರಗಳನ್ನು ಮೈನಸ್ 80ರಲ್ಲಿ ಉಳಿಸಿ, ಎಲ್‌ಸಿ-ಎಂಎಸ್ (ದ್ರವ ಕ್ರೊಮೆಟೋಗ್ರಫಿಗೆ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್) ಇರುವ ಯಾವುದಾದರೂ ಪ್ರಯೋಗಾಲಯಕ್ಕೆ ಒಣ ಮಂಜುಗಡ್ಡೆಯಲ್ಲಿ ಕಳಿಸಿ. ಎಲ್ಲ ಮಾದರಿಗಳನ್ನೂ ಕಳಿಸುವ ಖರ್ಚು ಬೇಕಿಲ್ಲ. ಒಂಬತ್ತರಲ್ಲೂ ಎರಡು ವಿಧಾನಗಳ ಅನುಪಾತ ಒಂದೇ ಇದ್ದರೆ ನಿಮ್ಮ ಹತ್ತು ಪಟ್ಟು ನಿಲ್ಲುತ್ತದೆ. ಹಣ್ಣೆಲೆಯಲ್ಲಿ ಮಾತ್ರ ಎಲೈಸಾ ಮೇಲಕ್ಕೆ ಓಡಿದ್ದರೆ ಎಷ್ಟು ಕಳೆಯಬೇಕೆಂಬುದೂ ಅದರಲ್ಲೇ ಸಿಗುತ್ತದೆ.