ಒಂದೇ ಬಗೆಯ ಶೀರ್ಷಿಕೆಯ ಸಾವಿರಾರು ಪುಟಗಳನ್ನು ಗೂಗಲ್ ಏಕೆ ಬಿಟ್ಟುಬಿಡುತ್ತದೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಅಡಿಕೆ ಧಾರಣೆಯ ಜಾಲತಾಣ ನಡೆಸುತ್ತಿದ್ದೀರಿ. ಶಿವಮೊಗ್ಗ, ಶಿರಸಿ, ಯಲ್ಲಾಪುರ ಮಾರುಕಟ್ಟೆಗಳಿಗೆ ದಿನಕ್ಕೊಂದೊಂದು ಪುಟ, ಎಲ್ಲಕ್ಕೂ ‘ಇಂದಿನ ಅಡಿಕೆ ಧಾರಣೆ’ ಎಂದೇ ಶುರುವಾಗುವ ಶೀರ್ಷಿಕೆ. ಸಾವಿರಾರು ಪುಟಗಳಲ್ಲಿ ಕೆಲವು ನೂರು ಮಾತ್ರ ಇಂಡೆಕ್ಸ್ ಆಗಿವೆ, ಅಂದರೆ ಗೂಗಲ್‌ನ ಹುಡುಕಾಟದ ಪಟ್ಟಿಗೆ ಸೇರಿವೆ. ಗೂಗಲ್ ದಂಡ ಹಾಕಿದೆಯೇ, ಉಳಿದವನ್ನು ರೋಬಾಟ್ಸ್ ಕಡತದಲ್ಲಿ (ಯಾವ ಪುಟ ಓದಬಾರದೆಂದು ಹುಡುಕಾಟ ಯಂತ್ರಗಳಿಗೆ ಹೇಳುವ robots.txt) ತಡೆಯಲೇ ಎಂದು ಕೇಳಿದ್ದೀರಿ.

ದಂಡವಲ್ಲ. ಮೋಸದ ಉದ್ದೇಶವಿಲ್ಲದ ನಕಲು ಪುಟಗಳಿಗೆ ಶಿಕ್ಷೆಯಿಲ್ಲ ಎಂದು ಗೂಗಲ್ ಹಲವು ಸಲ ಹೇಳಿದೆ. ದಂಡದ ವದಂತಿ ಮಾತ್ರ ಸಾಯುತ್ತಿಲ್ಲ. ಗೂಗಲ್ ಮಾಡುವುದು ಇಷ್ಟೇ: ಒಂದೇ ತರಹ ಕಾಣುವ ಪುಟಗಳನ್ನು ಗುಂಪು ಮಾಡಿ, ಒಂದನ್ನು ಆರಿಸಿಕೊಂಡು, ಉಳಿದವನ್ನು ಬದಿಗಿಡುತ್ತದೆ. ಅದರ ಎಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಪ್ರತಿ ಪುಟಕ್ಕೂ 64 ಬಿಟ್‌ನ, ಅಂದರೆ 64 ಸೊನ್ನೆ-ಒಂದುಗಳ, ಬೆರಳಚ್ಚು ತೆಗೆದು, ಮೂರು ಬಿಟ್‌ಗಿಂತ ಹೆಚ್ಚು ವ್ಯತ್ಯಾಸವಿಲ್ಲದವನ್ನು ಹೆಚ್ಚುಕಡಿಮೆ ಒಂದೇ ಎಂದು ಗುರುತಿಸುವ ವಿಧಾನವಿದೆ. ಇಂದು ಬಳಸುವ ಲೆಕ್ಕ ಬೇರೆಯಿರಬಹುದು, ತತ್ವ ಅದೇ. ನಿಮ್ಮ ಪುಟದಲ್ಲಿ ಮೆನು, ಜಾಹೀರಾತು, ‘ರೈತ ಬಾಂಧವರೇ’ ಎಂಬ ಪೀಠಿಕೆ ಎಲ್ಲವೂ ನಿನ್ನೆಯದೇ. ಬದಲಾಗುವುದು ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಮುಂದಿನ ನಾಲ್ಕು ಅಂಕಿಗಳು. ಬೆಳೆಗಾರರಿಗೆ ಆ ಅಂಕಿಗಳೇ ಸರ್ವಸ್ವ, ಯಂತ್ರಕ್ಕಲ್ಲ.

ಇದಕ್ಕಿಂತ ಕೆಟ್ಟದ್ದು ವಿಳಾಸಗಳ ಕಥೆ. ಒಂದೇ ಮಾದರಿಯ ಯುಆರ್‌ಎಲ್‌ಗಳಲ್ಲಿ ಒಂದೇ ತಿರುಳು ಸಿಗುತ್ತಿದೆ ಎಂದು ಗೂಗಲ್‌ಗೆ ಅನ್ನಿಸಿದರೆ, ಅದೇ ಮಾದರಿಯ ಉಳಿದ ಪುಟಗಳನ್ನು ತೆರೆಯದೆಯೇ ನಕಲು ಎಂದು ಊಹಿಸುವುದುಂಟು. ಗೂಗಲ್‌ನ ಹುಡುಕಾಟ ವಿಭಾಗದ ಜಾನ್ ಮ್ಯೂಲರ್ 2021ರಲ್ಲಿ ಇದನ್ನು ವಿವರಿಸಿದ್ದರು. ನೀವು ಕೊಟ್ಟಿರುವ ವಿಳಾಸಗಳ ತುದಿಯಲ್ಲಿ -2, -3, -147 ಎಂದು ಇದೆಯಲ್ಲ, ಅದು ಎಲ್ಲಿಂದ ಬಂತು ಗೊತ್ತೇ? ವರ್ಡ್‌ಪ್ರೆಸ್ ವಿಳಾಸದಲ್ಲಿ ಶೀರ್ಷಿಕೆಯಿಂದ ಹುಟ್ಟುವ ಆ ಭಾಗಕ್ಕೆ, ಅಂದರೆ ಸ್ಲಗ್‌ಗೆ, ಕೊಡುವುದು 200 ಅಕ್ಷರಗಳ ಜಾಗ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಮನೆ ಸಾಕು. ಕನ್ನಡದ ಒಂದೊಂದು ಅಕ್ಷರವೂ ಗುಣಿತದ ಚಿಹ್ನೆಯೂ ಶೇಕಡಾ ಗುರುತುಗಳ ರೂಪಕ್ಕೆ ಬದಲಾಗಿ ಒಂಬತ್ತು ಮನೆ ತಿನ್ನುತ್ತದೆ. ‘ಇಂದಿನ ಅಡಿಕೆ ಧಾರಣೆ ಶಿವಮೊಗ್ಗ 12 ಜೂನ್’ ಎಂಬ ಶೀರ್ಷಿಕೆಯನ್ನು ಎಣಿಸಿ ನೋಡಿ: ‘ಶಿವಮೊಗ’ ಎಂಬಲ್ಲಿಗೆ ಜಾಗ ಮುಗಿಯುತ್ತದೆ. ಒತ್ತಕ್ಷರವೂ ಹೋಯಿತು, ದಿನಾಂಕವೂ ಹೋಯಿತು. ಶಿರಸಿಯ ಹೆಸರು ಗಿಡ್ಡವಾದ್ದರಿಂದ ‘12-ಜ’ ತನಕ ಉಳಿಯುತ್ತದೆ, ಜನವರಿಯೋ ಜೂನೋ ಜುಲೈಯೋ ದೇವರೇ ಬಲ್ಲ. ಹೀಗೆ ಹಲವು ದಿನಗಳಿಗೆ ಒಂದೇ ಸ್ಲಗ್ ಬಂದಾಗ ವರ್ಡ್‌ಪ್ರೆಸ್ ಅಂಕಿ ಅಂಟಿಸಿ ಕೈತೊಳೆದುಕೊಳ್ಳುತ್ತದೆ. ಆದ್ದರಿಂದ ಸ್ಲಗ್ ಅನ್ನು ಕೈಯಿಂದಲೇ ಚಿಕ್ಕದಾಗಿ ಬರೆಯಿರಿ.

ನನ್ನ ಸಲಹೆ ದಿನಕ್ಕೊಂದು ಪುಟ ಎಂಬ ಪದ್ಧತಿಯನ್ನೇ ಬಿಡುವುದು. ಮಾರುಕಟ್ಟೆಗೊಂದು ಶಾಶ್ವತ ಪುಟ ಇಟ್ಟುಕೊಳ್ಳಿ, ಅದೇ ವಿಳಾಸದಲ್ಲಿ ದಿನವೂ ದರ ಬದಲಿಸಿ. ಹಳೆಯ ದರಗಳು ತಿಂಗಳಿಗೊಂದು ಪುಟದಲ್ಲಿ ಕೋಷ್ಟಕವಾಗಿ ಕೂರಲಿ; ಯಾವ ವಾರ ರಾಶಿ ಏರಿತು, ಯಾವಾಗ ಇಳಿಯಿತು ಎಂದು ಎರಡು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು. ಹಳೆಯ ದಿನದ ಪುಟಗಳಿಂದ ಆಯಾ ತಿಂಗಳ ಪುಟಕ್ಕೆ 301 ಮರುನಿರ್ದೇಶನ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಶಾಶ್ವತವಾಗಿ ಕಳಿಸುವ ಏರ್ಪಾಡು) ಕೊಡಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಬೇಡಿ, ಗೂಗಲ್ ಅದನ್ನು ಇಲ್ಲದ ಪುಟವೆಂದೇ ಎಣಿಸುವ ಸಂಭವ ಹೆಚ್ಚು.

ಶೀರ್ಷಿಕೆಯಲ್ಲಿ ಬೇರೆಯಾಗುವ ಮಾತು ಮೊದಲು ಬರಲಿ: ‘ಶಿವಮೊಗ್ಗ ಅಡಿಕೆ ಧಾರಣೆ, ಜೂನ್ 2024’. ‘ಇಂದಿನ’ ಎಂಬುದು ಮಾರುಕಟ್ಟೆಯ ಶಾಶ್ವತ ಪುಟಕ್ಕೆ ಸರಿ. ಕಳೆದ ವರ್ಷದ ಪುಟದ ಮೇಲೆ ಅದು ಶುದ್ಧ ಸುಳ್ಳು. ಎಲ್ಲೆಡೆ ಒಂದೇ ಅಚ್ಚಿನ ಶೀರ್ಷಿಕೆಯಿದ್ದರೆ ಗೂಗಲ್ ತನಗೆ ತೋಚಿದ ಶೀರ್ಷಿಕೆಯನ್ನು ಫಲಿತಾಂಶದಲ್ಲಿ ತೋರಿಸುವುದೂ ಉಂಟು.

ಇನ್ನೊಂದು ಕಂಡೆ. 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಬದಲಾದರೂ ನಿಮ್ಮಲ್ಲಿ ‘ಶಿಮೊಗ’ ಮತ್ತು ‘ಶಿವಮೊಗ್ಗ’ ಎರಡೂ ವರ್ಗಗಳಿವೆ, ಎರಡರಲ್ಲೂ ಅವೇ ಪೋಸ್ಟ್‌ಗಳು. ಒಂದನ್ನು ಇನ್ನೊಂದಕ್ಕೆ ಸೇರಿಸಿಬಿಡಿ. ಫೇಸ್‌ಬುಕ್‌ನಿಂದ ಬರುವವರ ವಿಳಾಸಕ್ಕೆ ಅಂಟಿಕೊಳ್ಳುವ ಬಾಲಗಳಿಗೆ, ಯಾವುದು ಮೂಲ ವಿಳಾಸ ಎಂದು ಹೇಳುವ ಕೆನಾನಿಕಲ್ ಟ್ಯಾಗ್ ಸಾಕು. 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಒಟ್ಟಾಗಿ ತಂದ ಟ್ಯಾಗ್ ಅದು. ಆದರೆ ಗೂಗಲ್‌ಗೆ ಅದು ಸೂಚನೆಯಷ್ಟೇ, ಆಜ್ಞೆಯಲ್ಲ. ನಿಮ್ಮ ಒಳಕೊಂಡಿಗಳು ಒಂದು ವಿಳಾಸವನ್ನೂ ಟ್ಯಾಗ್ ಇನ್ನೊಂದನ್ನೂ ತೋರಿಸಿದರೆ ಗೂಗಲ್ ತನ್ನಿಷ್ಟದಂತೆ ನಡೆಯುತ್ತದೆ. ಗೂಗಲ್‌ಗೆ ಕೊಡುವ ವಿಳಾಸಪಟ್ಟಿಯಾದ ಸೈಟ್‌ಮ್ಯಾಪ್‌ನಲ್ಲೂ ಉಳಿಸಿಕೊಂಡ ವಿಳಾಸಗಳು ಮಾತ್ರ ಇರಲಿ.

‘ಕ್ರಾಲ್ ಬಜೆಟ್’ (ಒಂದು ತಾಣದ ಎಷ್ಟು ಪುಟ ಓದಬೇಕೆಂದು ಗೂಗಲ್ ಇಟ್ಟುಕೊಳ್ಳುವ ಮಿತಿ) ಸರಿಪಡಿಸುತ್ತೇವೆ ಎಂದು ಹಣ ಕೇಳುವವರನ್ನು ದೂರವಿಡಿ. ಗೂಗಲ್‌ನ ಮಾರ್ಗದರ್ಶಿಯ ಪ್ರಕಾರ ಆ ಚಿಂತೆ ಮುಖ್ಯವಾಗಿ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳಿರುವ, ಅಥವಾ ದಿನವೂ ಬದಲಾಗುವ 10,000ಕ್ಕೂ ಹೆಚ್ಚು ಪುಟಗಳಿರುವ ತಾಣಗಳದ್ದು.

ಇನ್ನು ರೋಬಾಟ್ಸ್ ಕಡತ: ಈಗ ಮುಟ್ಟಬೇಡಿ. ಅದು ಪುಟ ಓದುವುದನ್ನು ತಡೆಯುತ್ತದೆಯೇ ಹೊರತು ಇಂಡೆಕ್ಸ್ ಆಗುವುದನ್ನಲ್ಲ. ಬಾಗಿಲು ಹಾಕಿದರೆ ನೀವು ಒಳಗಿಟ್ಟ ಮರುನಿರ್ದೇಶನ, ಕೆನಾನಿಕಲ್, ‘ಈ ಪುಟವನ್ನು ಪಟ್ಟಿಗೆ ಸೇರಿಸಬೇಡ’ ಎನ್ನುವ ನೋಇಂಡೆಕ್ಸ್ ಯಾವುದೂ ಗೂಗಲ್‌ಗೆ ಕಾಣುವುದಿಲ್ಲ. ಬದಲಾವಣೆಯಾದ ಮೇಲೆ, ತಾಣದ ಪುಟಗಳ ಸ್ಥಿತಿ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ‘ಮರುನಿರ್ದೇಶನವಿರುವ ಪುಟ’ ಎಂಬರ್ಥದ ಸಾಲಿನ ಸಂಖ್ಯೆ ಸಾವಿರಗಟ್ಟಲೆ ಏರುತ್ತದೆ, ಗಾಬರಿಯಾಗಬೇಡಿ. ಮಾರುಕಟ್ಟೆ ಪುಟಗಳೂ ತಿಂಗಳ ಪುಟಗಳೂ ಇಂಡೆಕ್ಸ್‌ನಲ್ಲಿವೆಯೇ ಎಂಬುದನ್ನಷ್ಟೇ ಅಲ್ಲಿನ ಯುಆರ್‌ಎಲ್ ಪರಿಶೀಲನಾ ಪೆಟ್ಟಿಗೆಯಲ್ಲಿ ಒಂದೊಂದಾಗಿ ಹಾಕಿ ನೋಡಿ.