ಕಡತ ಕೊಳ್ಳೋಕೆ ಅನುದಾನ: ಮೊದಲು ಅರ್ಜಿ, ಆಮೇಲೆ ಅಡ್ವಾನ್ಸು

ಹೊಸನಗರದ ಗೆಳೆಯರ ಪ್ರಶ್ನೆ ಓದಿದೆ. ಊರಿನ ಟ್ರಸ್ಟಿನದೊಂದು ಪುಟ್ಟ ಮ್ಯೂಸಿಯಂ. ಪಕ್ಕದೂರಿನ ಮನೆತನವೊಂದು ತೊಟ್ಟಿ ಮನೆ ಕೆಡವುತ್ತಿದೆ. ಅಟ್ಟದ ಮೇಲೆ ಸಿಕ್ಕ ಕಡತ (ಅಂಟು ಬಳಿದ ಬಟ್ಟೆಯ ಹಳೆಯ ಬರಹದ ಪುಸ್ತಕ), ಓಲೆಗರಿ, ಶರಾವತಿ ಅಣೆಕಟ್ಟಿನ ಮುಳುಗಡೆ ಕಾಲದ ಕಾಗದಗಳಿಗೆ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಈಗ ಅಡ್ವಾನ್ಸ್ ಕೊಟ್ಟು, ಆಮೇಲೆ ಅನುದಾನಕ್ಕೆ ಬರೆಯೋಣ ಅಂತಿದ್ದೀರಿ, ಅಲ್ವಾ? ಬೇಡ. ಸ್ವಲ್ಪ ತಡೀರಿ.

ಸಾಗರದ ಕಡೆ ನಾವು ಇದೇ ತಪ್ಪು ಮಾಡಿದ್ದೆವು. ಮೂರು ಕಟ್ಟು ಓಲೆಗರಿ, ಕೊಳಗ, ಸೇರು. ಗುಜರಿಯವನು ಬಂದುಬಿಡುತ್ತಾನೆ ಅಂತ ಹೆದರಿ ಕೈಯಿಂದ ದುಡ್ಡು ಹಾಕಿ ತಂದೆವು. ಆಮೇಲೆ ಅರ್ಜಿ ಹಾಕಿದರೆ ಒಂದೇ ಸಾಲಿನ ಉತ್ತರ ಬಂತು: ಆಗಿಹೋದ ಖರ್ಚಿಗೆ ಹಣ ಇಲ್ಲ. ಆಗ ಸಿಟ್ಟು ಬಂದಿತ್ತು. ಈಗ ನೋಡಿದರೆ ಎಲ್ಲ ಕಡೆ ಇದೇ ಪದ್ಧತಿ. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ ನಡೆಸುವ ಖರೀದಿ ನಿಧಿ 1881ರಷ್ಟು ಹಳೆಯದು. ಇಂಗ್ಲೆಂಡ್, ವೇಲ್ಸ್‌ನ ಸಣ್ಣಪುಟ್ಟ ಮ್ಯೂಸಿಯಂ, ದಾಖಲೆ ಕಚೇರಿಗಳಿಗೆ ವಸ್ತು ಕೊಳ್ಳಲು ನೆರವು ಕೊಡುತ್ತದೆ, ಸಾಮಾನ್ಯವಾಗಿ ಬೆಲೆಯ ಅರ್ಧದವರೆಗೆ. ಅಲ್ಲೂ ಮೊದಲೇ ಕೊಂಡಿದ್ದರೆ ಬಾಗಿಲು ಮುಚ್ಚಿತು. ನಮಗೆ ಆ ದುಡ್ಡು ಸಿಗಲ್ಲ, ಆದರೆ ಪಾಠ ನಮಗೂ ಅದೇ.

ಹಾಗಂತ ಸುಮ್ನೆ ಕೂತರೆ ಕಡತ ಒಲೆಗೆ ಹೋದೀತು. ಮನೆಯವರ ಹತ್ತಿರ ಒಂದು ಕಾಗದ ಬರೆಸಿಕೊಳ್ಳಿ. ಆರು ತಿಂಗಳು ಬೇರೆಯವರಿಗೆ ಕೊಡುವುದಿಲ್ಲ, ಬೆಲೆ ಇಷ್ಟು, ಅಷ್ಟರಲ್ಲಿ ಹಣ ಆಗದಿದ್ದರೆ ಅವರು ಸ್ವತಂತ್ರರು. ಇಷ್ಟೇ ಸಾಕು. ಆದರೆ ಸಹಿ ಯಾರದ್ದು ಅನ್ನೋದು ಮುಖ್ಯ. ಪಿತ್ರಾರ್ಜಿತ ವಸ್ತು ಅಂದರೆ ಮನೆಯಲ್ಲಿರುವ ಹಿರಿಯಣ್ಣನೊಬ್ಬನ ಸಹಿ ಸಾಲದು. ಬೆಂಗಳೂರಿನ ತಮ್ಮ, ಮದುವೆಯಾಗಿ ಹೋದ ಅಕ್ಕತಂಗಿಯರು, ಎಲ್ಲರೂ ಬೇಕು. ಅರ್ಜಿ ನೋಡುವವರು ಮೊದಲು ಹುಡುಕೋದು ಇದನ್ನೇ: ಮಾರುವವರಿಗೆ ಮಾರುವ ಹಕ್ಕಿದೆಯಾ, ವಸ್ತು ಎಲ್ಲಿಂದ ಬಂತು.

ಕಾನೂನಿನ ಮಾತು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಪುರಾತನ ಅನ್ನಿಸಿಕೊಳ್ಳಲು ಸಾಮಾನ್ಯ ವಸ್ತುವಿಗೆ 100 ವರ್ಷ, ಹಸ್ತಪ್ರತಿಗೆ 75 ವರ್ಷ ತುಂಬಿರಬೇಕು. ಎಲ್ಲವನ್ನೂ ನೋಂದಾಯಿಸಬೇಕಿಲ್ಲ. ಆದರೆ ಕಲ್ಲು, ಲೋಹ, ಮರದ ಹಳೆಯ ವಿಗ್ರಹ, ಚಿತ್ರವಿರುವ ಹಸ್ತಪ್ರತಿ ಇದ್ದರೆ ನೋಂದಣಿ ಪತ್ರ ಕೇಳಿ. ಇಲ್ಲದಿದ್ದರೆ ಮುಟ್ಟಬೇಡಿ. ದೇವಸ್ಥಾನದ್ದು ಅನ್ನೋ ಗುಮಾನಿ ಬಂದರೂ ಅಷ್ಟೇ. ನಿಮ್ಮ ಮುಳುಗಡೆ ಕಾಗದಗಳ ಕಥೆ ಬೇರೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಕಾಲದ ನೋಟಿಸು, ಪರಿಹಾರದ ಪತ್ರಗಳಿಗೆ 75 ತುಂಬಿಲ್ಲ, ಹಾಗಾಗಿ ಹಸ್ತಪ್ರತಿ ಅಂತ ತೋರಿಸಿದರೆ ತಿರಸ್ಕಾರ ಖಚಿತ. ಅವನ್ನು ದಾಖಲೆ ಸಂಗ್ರಹ ಅಂತ ಬೇರೆ ಪಟ್ಟಿ ಮಾಡಿ. ನನ್ನ ಕೇಳಿದರೆ ಆ ಗಂಟೇ ಜಾಸ್ತಿ ಬೆಲೆಬಾಳುವುದು. ಓಲೆಗರಿ ನಾಲ್ಕು ಕಡೆ ಸಿಗುತ್ತದೆ, ಶರಾವತಿ ಹಿನ್ನೀರಿಗೆ ಮನೆ ಬಿಟ್ಟವರ ಕಾಗದ ಮತ್ತೆ ಸಿಗುತ್ತದಾ?

ಬೆಲೆ ನೀವೇ ಹೇಳಿದರೆ ಯಾರೂ ಒಪ್ಪುವುದಿಲ್ಲ. ಕೆಳದಿಯ ವಸ್ತುಸಂಗ್ರಹಾಲಯ ಕುವೆಂಪು ವಿಶ್ವವಿದ್ಯಾಲಯದ ಕೈಯಲ್ಲಿದೆ. ಅಲ್ಲಿ ಕಡತ ಓದುವವರನ್ನು ಕೇಳಿ, ಲಿಪಿ, ವಿಷಯ, ಸ್ಥಿತಿ ಬಗ್ಗೆ ಒಂದು ಪುಟ ಬರೆಸಿಕೊಳ್ಳಿ. ಲಿಪಿ ಕನ್ನಡವೋ, ಸಂಸ್ಕೃತ ಬರೆಯಲು ಬಳಸುತ್ತಿದ್ದ ಹಳೆಯ ತಿಗಳಾರಿಯೋ ಅನ್ನೋದೇ ಎಷ್ಟೋ ಸಲ ಗೊತ್ತಿರೋದಿಲ್ಲ. ಇನ್ನೊಬ್ಬ ತಿಳಿದವರಿಂದ ಬೇರೆಯಾಗಿ ಬೆಲೆ ಹಾಕಿಸಿ. ಅರ್ಜಿಯಲ್ಲಿ "ಅಮೂಲ್ಯ", "ಅಪರೂಪ" ಅಂತ ತುಂಬುವ ಬದಲು ಇವೆರಡು ಹಾಳೆ ಲಗತ್ತಿಸಿ.

ಇನ್ನು ದುಡ್ಡು. ಕೇಂದ್ರ ಸಂಸ್ಕೃತಿ ಸಚಿವಾಲಯದ ಮ್ಯೂಸಿಯಂ ಅನುದಾನ ಯೋಜನೆ ಹೆಚ್ಚಾಗಿ ಗ್ಯಾಲರಿ, ಕಟ್ಟಡ, ಡಿಜಿಟಲೀಕರಣದ ಕಡೆಗೆ. ರಾಷ್ಟ್ರೀಯ ದಾಖಲೆ ಸಂಗ್ರಹಾಲಯದ ನೆರವು ಹಸ್ತಪ್ರತಿ ಕಾಪಾಡುವುದಕ್ಕೆ. ಅದಕ್ಕೇ ನಾನು ಹೇಳೋದು, ಬಜೆಟ್ ಎರಡು ಭಾಗ ಮಾಡಿ. ಕಪಾಟು, ಸಂರಕ್ಷಣೆ, ಸ್ಕ್ಯಾನಿಂಗ್ ಸರ್ಕಾರದ ಅರ್ಜಿಗೆ. ಕೊಳ್ಳುವ ದುಡ್ಡು ಊರಿನಿಂದ, ಅಡಿಕೆ ಮಂಡಿಯವರಿಂದ, ಹೊರಗಿರುವ ಮಕ್ಕಳಿಂದ. ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಖರ್ಚಿನ ಪಟ್ಟಿಯಲ್ಲೂ ಪರಂಪರೆ ಮತ್ತು ಕಲೆ ಇದೆ, ಆದರೆ ಆ ಹಣ ಪಡೆಯಲು ಟ್ರಸ್ಟಿಗೆ ಸಿಎಸ್ಆರ್-1 ಅನ್ನೋ ನೋಂದಣಿ ಆಗಿರಬೇಕು. ಕೇಂದ್ರದ ಅನುದಾನಕ್ಕೆ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಜಾಲತಾಣ) ನೋಂದಣಿ, ಆಡಿಟ್ ಆದ ಲೆಕ್ಕ, ಟ್ರಸ್ಟಿನ ಠರಾವು ಬೇಕು. ಹಣ ಬಂದಮೇಲೆ ಬಳಕೆ ಪ್ರಮಾಣಪತ್ರ ತಪ್ಪಿಸಿದರೆ ಮುಂದಿನ ಕಂತು ಮರೆತುಬಿಡಿ.

ಮನೆಯವರು ಓಲೆಗರಿಯನ್ನು ದಾನವಾಗಿ ಕೊಟ್ಟು ಬೇರೆಯದಕ್ಕೆ ಬೆಲೆ ತಗೊಳ್ತಾರಾ ಅಂತಲೂ ಕೇಳಿ ನೋಡಿ. ಗೋಡೆಯ ಮೇಲೆ ಹಿರಿಯರ ಹೆಸರು ಬರೆಸುತ್ತೇವೆ ಅಂದರೆ ಎಷ್ಟೋ ಜನ ಮೆತ್ತಗಾಗುತ್ತಾರೆ. ನಮ್ಮಲ್ಲಿ ಒಬ್ಬರು ಹಾಗೇ ಕೊಟ್ಟರು, ಕಾಫಿ ಕುಡಿಸಿ.

ಇಡುವ ಜಾಗದ ಫೋಟೋ ಸೇರಿಸಿ. ನಮ್ಮ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಕಡತ ಬೂಷ್ಟು ಹಿಡಿಯುತ್ತದೆ. ಬಟ್ಟೆಗೆ ಹುಣಸೆ ಬೀಜದ ಅಂಟು ಬಳಿದು ಮಾಡಿದ್ದು ಅದು, ಹುಳುವಿಗೂ ಊಟ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಕಪಾಟಿನಲ್ಲಿಡಿ.

ಮನೆ ಕೆಡವುವವರು ಬರುವ ಮೊದಲು ಅಟ್ಟ ಹತ್ತಿ ಫೋಟೋ ತೆಗೆಯಿರಿ. ಯಾವ ಪೆಟ್ಟಿಗೆಯಲ್ಲಿ ಯಾವುದು, ಯಾವುದರ ಜೊತೆ ಯಾವುದು ಕಟ್ಟಿತ್ತು ಅಂತ ಅಲ್ಲೇ ಬರೆದಿಟ್ಟುಕೊಳ್ಳಿ. ಪಟ್ಟಿ ಆದಮೇಲೆ ಇಲ್ಲಿ ಹಾಕಿ, ಅರ್ಜಿಯ ಕರಡು ನಾನು ನೋಡಿಕೊಡುತ್ತೇನೆ.